ಜಾವಾನಾ, ಪೈಥಾನಾ? ಒಂದೇ ಕೋರ್ಸಿಗೆ ದುಡ್ಡಿದೆ

ಕೇಳಿದ್ದು: ಬಿಸಿಎ ವಿದ್ಯಾರ್ಥಿ, ತುಮಕೂರು

ಅಣ್ಣಂದಿರೆ, ಅಕ್ಕಂದಿರೆ, ನಂದು ಕೊನೇ ಸೆಮಿಸ್ಟರ್, ಕೆಲಸಕ್ಕೆ ಅಂತ ಒಂದು ಪ್ರೋಗ್ರಾಮಿಂಗ್ ಭಾಷೆ ಸರಿಯಾಗಿ ಕಲೀಬೇಕು. ಊರು ಶಿರಾ ಹತ್ರ. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್‌ನವರು "ಜಾವಾ ಮುಗೀತು, ಈಗೆಲ್ಲ ಎಐ, ಪೈಥಾನ್‌ಗೆ ಸೇರ್ಕೊ" ಅಂತಾರೆ. ಸೀನಿಯರ್ ಒಬ್ರು ಜಾವಾ ಬಿಟ್ರೆ ಗತಿಯಿಲ್ಲ ಅಂತಾರೆ. ರೂಮ್‌ಮೇಟ್ ಜಾವಾಸ್ಕ್ರಿಪ್ಟ್ ಹಿಡ್ಕೊಂಡು ಕೂತಿದಾನೆ. ಮನೇಲಿ ಒಂದು ಕೋರ್ಸಿಗೆ ಮಾತ್ರ ದುಡ್ಡು ಹೊಂದಿಸಬಹುದು. ಸಿ ಬರುತ್ತೆ, ಜಾವಾ ಅಲ್ಪಸ್ವಲ್ಪ. ಫೀಲ್ಡಲ್ಲಿ ಇರೋರು ನಿಮ್ಮ ಅನುಭವ ಹೇಳಿ.

ಮಾಲೂರಿನಿಂದ, ಬ್ಯಾಂಕಿಂಗ್ ಪ್ರಾಜೆಕ್ಟ್, ಜಾವಾ

ತಮ್ಮಾ, ಜಾವಾ ಮುಗೀತು ಅನ್ನೋ ಮಾತನ್ನ ನಾನು ಕೆಲಸಕ್ಕೆ ಸೇರಿದಾಗಿಂದ ಕೇಳ್ತಾನೇ ಇದೀನಿ. 1995ರಲ್ಲಿ ಬಂದ ಭಾಷೆ ಅದು. ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳಲ್ಲಿ ಅದರ ಕೋಡು ರಾಶಿ ಬಿದ್ದಿದೆ, ಯಾರೂ ಅದನ್ನ ರಾತ್ರೋರಾತ್ರಿ ಕಿತ್ತು ಬಿಸಾಡಲ್ಲ. ನಮ್ಮ ಟೀಮಲ್ಲಿ ಈಗ ನಡೀತಿರೋದೇ 2014ರ ಜಾವಾ 8ರಲ್ಲಿ ನಿಂತುಹೋಗಿದ್ದನ್ನ ಜಾವಾ 17ಕ್ಕೆ ಎಳ್ಕೊಂಡು ಬರೋ ಕೆಲಸ. ಸ್ಪ್ರಿಂಗ್ ಬೂಟ್ 3 (ಜಾವಾದಲ್ಲಿ ಅಪ್ಲಿಕೇಶನ್ ಕಟ್ಟೋಕೆ ಬಳಸೋ ರೆಡಿಮೇಡ್ ಚೌಕಟ್ಟು) ಬೇಕಂದ್ರೆ ಕನಿಷ್ಠ ಜಾವಾ 17 ಇರಲೇಬೇಕು. ಇಂಪೋರ್ಟ್ ಸಾಲುಗಳಲ್ಲಿ, ಅಂದ್ರೆ ಬೇರೆ ಕಡೆಯ ಕೋಡನ್ನ ಕರೆಸ್ಕೊಳ್ಳೋ ಸಾಲುಗಳಲ್ಲಿ, "ಜಾವಾಎಕ್ಸ್" ಅಂತಿದ್ದ ಬಹಳಷ್ಟನ್ನ "ಜಕಾರ್ತಾ" ಮಾಡಬೇಕು, ಟೆಸ್ಟ್ ಓಡಿಸಬೇಕು, ಮುರಿದಿದ್ದನ್ನ ಹುಡುಕಬೇಕು. ಬೋರು ಹೊಡೆಸೋ ಕೆಲಸ, ಆದ್ರೆ ಹೊಸಬರನ್ನ ತಗೊಳ್ಳೋದೂ ಇಂಥದ್ದಕ್ಕೇನೆ.

ಒಂದು ಕೆಲಸ ಮಾಡು. ಜಾಬ್ ಸೈಟಲ್ಲಿ ಪೈಥಾನ್ ಅಂತ ಹುಡುಕಿ, ತಲೆಬರಹ ನೋಡಿ ಖುಷಿಪಡದೆ ಒಂದೊಂದೇ ತೆರೆದು ಎಷ್ಟು ವರ್ಷದ ಅನುಭವ ಕೇಳಿದಾರೆ ಅಂತ ಬರ್ಕೊ. ಜಾವಾಗೂ ಹಾಗೇ ಮಾಡು. ಕೋಚಿಂಗ್‌ನವರ ಪೋಸ್ಟರ್‌ಗಿಂತ ಆ ಪಟ್ಟಿ ನಿನಗೆ ಸರಿಯಾಗಿ ಹೇಳುತ್ತೆ. ನಾನು ನೋಡಿದ ಮಟ್ಟಿಗೆ, ಮೆಷಿನ್ ಲರ್ನಿಂಗ್ ಅಂತ ಇರೋದರಲ್ಲಿ ಫ್ರೆಶರ್‌ಗೆ ಬಾಗಿಲು ತೆರೆದಿರೋದು ಕಮ್ಮಿ.

ಇಂಟರ್‌ವ್ಯೂ ಅಂತೂ ಭಾಷೆಯ ಹೆಸರಿಗಿಂತ ಆಳ ಕೇಳುತ್ತೆ. ನಾವು ಕೇಳೋ ಒಂದು ಪ್ರಶ್ನೆ: ಇಂಟಿಜರ್ ಆಬ್ಜೆಕ್ಟ್ (ಪೂರ್ಣಸಂಖ್ಯೆ ಇಡೋ ಡಬ್ಬಿ ಅನ್ಕೊ) ಎರಡು ತಗೊಂಡು ಎರಡಕ್ಕೂ 127 ಹಾಕಿ ಡಬಲ್ ಈಕ್ವಲ್ಸಲ್ಲಿ (==) ಹೋಲಿಸಿದ್ರೆ ಟ್ರೂ, 128 ಹಾಕಿದ್ರೆ ಫಾಲ್ಸ್. ಯಾಕೆ? ಮೈನಸ್ 128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನ ಜಾವಾ ಮೊದಲೇ ಮಾಡಿ ಇಟ್ಕೊಂಡಿರುತ್ತೆ, ಅದನ್ನೇ ಮತ್ತೆ ಕೊಡುತ್ತೆ. ಅದರಾಚೆಗೆ ಹೊಸ ಆಬ್ಜೆಕ್ಟು. ಡಬಲ್ ಈಕ್ವಲ್ಸ್ ನೋಡೋದು ಎರಡೂ ಒಂದೇ ಆಬ್ಜೆಕ್ಟಾ ಅಂತ, ಬೆಲೆ ಒಂದೇನಾ ಅಂತಲ್ಲ. ಆರು ತಿಂಗಳ ಕೋರ್ಸ್ ಮುಗಿಸಿದೀವಿ ಅಂತ ಬಂದೋರು ಎಷ್ಟೋ ಜನ ಇಲ್ಲೇ ತಡವರಿಸ್ತಾರೆ.

ಚಿಂತಾಮಣಿಯಿಂದ, ಡೇಟಾ ಕೆಲಸ, ಪೈಥಾನ್

ಮಾಲೂರಿನ ಅಣ್ಣ ಹೇಳಿದ್ದನ್ನ ನಾನು ಪೂರ್ತಿ ಒಪ್ಪಲ್ಲ. ಪೈಥಾನ್ ಅಂದ್ರೆ ಬರೀ ಎಐ ಅಲ್ಲ. ಟೆಸ್ಟ್ ಆಟೊಮೇಷನ್, ರಿಪೋರ್ಟ್ ತಯಾರಿ, ಒಂದು ಕಡೆಯ ಡೇಟಾ ಇನ್ನೊಂದು ಕಡೆಗೆ ಸಾಗಿಸೋದು, ಇದೆಲ್ಲಾ ಪೈಥಾನಲ್ಲೇ. ನಾನು ಒಳಗೆ ಬಂದಿದ್ದು ಟೆಸ್ಟಿಂಗ್ ಮೂಲಕ. ಬಿಎಸ್ಸಿ ಹುಡುಗಿ ನಾನು, ಕಂಪ್ಯೂಟರ್ ಓದಿರಲಿಲ್ಲ. ಜಾವಾದಲ್ಲಾಗಿದ್ರೆ ಕ್ಲಾಸು, ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಅಂತ ಶುರುವಿನಲ್ಲೇ ಓಡಿಹೋಗ್ತಿದ್ದೆ.

ಆದ್ರೆ ಸಲೀಸು ಅಂತ ಮೈಮರೆತ್ರೆ ಕೈ ಕಚ್ಚುತ್ತೆ. ನಮ್ಮ ಕಡೆಯ ಲೆಕ್ಕವನ್ನೇ ತಗೋ: ಟೊಮ್ಯಾಟೊ ಬಾಕ್ಸ್ 12, ಒಂದೊಂದು 15 ಕೆಜಿ. ಸಿಎಸ್‌ವಿ ಫೈಲಿಂದ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ) ಓದಿದಾಗ ಆ 12 ಸಂಖ್ಯೆಯಾಗಿ ಬರಲ್ಲ, ಅಕ್ಷರಗಳಾಗಿ ಬರುತ್ತೆ. ಇಂಟ್ ಮಾಡದೆ, ಅಂದ್ರೆ ಸಂಖ್ಯೆಯಾಗಿ ಬದಲಾಯಿಸದೆ, 15ರಿಂದ ಗುಣಿಸಿದ್ರೆ 180 ಬರೋ ಜಾಗದಲ್ಲಿ 12 ಅನ್ನೋದನ್ನೇ ಹದಿನೈದು ಸಲ ಸಾಲಾಗಿ ಬರೆದು ಕೊಡುತ್ತೆ. ಎರರ್ ಇಲ್ಲ, ಏನಿಲ್ಲ. ಜಾವಾ ಆಗಿದ್ರೆ ಓಡಿಸೋಕೆ ಮುಂಚೆನೇ ತಪ್ಪು ತೋರಿಸ್ತಿತ್ತು, ಕಂಪೈಲೇ ಆಗ್ತಿರಲಿಲ್ಲ, ಇದನ್ನ ಮಾತ್ರ ಒಪ್ಕೋತೀನಿ.

ಮತ್ತೆ, ಹಳೇ ಯೂಟ್ಯೂಬ್ ವಿಡಿಯೊದಲ್ಲಿ ಪ್ರಿಂಟ್ ಮುಂದೆ ಬ್ರ್ಯಾಕೆಟ್ ಇಲ್ಲ ಅಂದ್ರೆ ಅದು ಪೈಥಾನ್ 2. 2020ರ ಜನವರಿಗೇ ಅದಕ್ಕೆ ಬೆಂಬಲ ನಿಂತಿದೆ, ನೋಡ್ಲೇಬೇಡ.

ತುಮಕೂರಿನಿಂದ, ಫ್ರಂಟ್ ಎಂಡ್ (ವೆಬ್‌ಸೈಟಿನ ಕಣ್ಣಿಗೆ ಕಾಣೋ ಭಾಗ)

ರೂಮ್‌ಮೇಟ್‌ನ ಅಣಕಿಸಬೇಡಿ ಗುರು. ಬ್ರೌಸರಲ್ಲಿ ಓಡೋದು ಜಾವಾಸ್ಕ್ರಿಪ್ಟೇ. ಮಾಡಿದ್ದು ಆ ಕ್ಷಣವೇ ಪರದೆ ಮೇಲೆ ಕಾಣುತ್ತೆ, ನಾಲ್ಕು ಜನಕ್ಕೆ ಲಿಂಕ್ ಕಳಿಸಿ ತೋರಿಸಬಹುದು. ಸ್ಪರ್ಧೆ ಮಾತ್ರ ಸಿಕ್ಕಾಪಟ್ಟೆ.

ವಸಂತನರಸಾಪುರದಿಂದ

ಯಾರೂ ಸಿ ಹೆಸರೆತ್ತಲಿಲ್ಲ! ಫ್ಯಾಕ್ಟರಿ ಮೆಷಿನ್ ಒಳಗಿನ ಚಿಕ್ಕ ಚಿಪ್‌ಗಳಿಗೆ ಈಗಲೂ ಸಿ ಬೇಕು. ಎಲೆಕ್ಟ್ರಾನಿಕ್ಸ್ ಗೊತ್ತಿಲ್ದೆ ಈ ಕಡೆ ಬಂದ್ರೆ ಕಷ್ಟ, ಬಿಸಿಎ ಹುಡುಗನಿಗೆ ನಾನೇ ಬೇಡ ಅಂತೀನಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಕೋರ್ಸಿಗೆ ಸೇರದೇ ಪೈಥಾನ್ ಕಲಿಯೋಕಾಗುತ್ತಾ? ಆದ್ರೆ ದುಡ್ಡನ್ನ ಜಾವಾಗೆ ಹಾಕ್ತೀನಿ.

ಚಿಂತಾಮಣಿಯಿಂದ

ಆಗುತ್ತೆ ಕಣಪ್ಪ. ಪೈಥಾನಿನದ್ದೇ ಸೈಟಲ್ಲಿ ಟ್ಯುಟೋರಿಯಲ್ ಪುಕ್ಕಟೆ ಇದೆ. ಅದರ ಜೊತೆ ಎಸ್‌ಕ್ಯೂಎಲ್ ಕಲಿ, ಡೇಟಾಬೇಸಿಂದ ಮಾಹಿತಿ ತೆಗೆಯೋ ಭಾಷೆ ಅದು. ಜಾಯಿನ್ (ಟೇಬಲ್‌ಗಳನ್ನ ಜೋಡಿಸೋದು), ಗ್ರೂಪ್ ಬೈ (ಗುಂಪು ಮಾಡಿ ಲೆಕ್ಕ ಹಾಕೋದು) ನೀಟಾಗಿ ಬರಬೇಕು. ನೀನು ಯಾವ ಭಾಷೆಗೆ ಹೋದ್ರೂ ಅದನ್ನ ಕೇಳೇ ಕೇಳ್ತಾರೆ.

ಮಾಲೂರಿನಿಂದ

ಫೀಸು ಒಂದೇ ಕಂತಲ್ಲಿ ಕಟ್ಟಬೇಡ. ಮೊದಲು ಡೆಮೊ ಕ್ಲಾಸಿಗೆ ಹೋಗಿ, ಆ 127ರ ಪ್ರಶ್ನೆಯನ್ನ ಪಾಠ ಮಾಡೋರಿಗೇ ಕೇಳು. ಬೋರ್ಡ್ ಮೇಲೆ ಬಿಡಿಸಿ ಹೇಳಿದ್ರೆ ಸೇರ್ಕೊ. "ಅದೆಲ್ಲ ಸಿಲಬಸಲ್ಲಿಲ್ಲ" ಅಂದ್ರೆ ತುಮಕೂರು ಬಸ್ ಹತ್ತು. ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೊಳ್ಳೋರ ಹತ್ರ ಅಂತೂ ಹೋಗಲೇಬೇಡ.