ಗ್ರೀಕ್ ದ್ವೀಪದಲ್ಲಿ ಕುಂಬಳೆಯ ಸಿಪಾಯಿ: ಈ ಕಾದಂಬರಿ ನಿಲ್ಲುತ್ತದಾ?

ಸೀತಾಂಗೋಳಿ: ನಾನು ಬರೆಯುತ್ತಿರುವ ಕಾದಂಬರಿಯ ಹಂದರ ಇಷ್ಟು. 1941, ಕ್ರೀಟ್ ದ್ವೀಪ. ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿರುವ, ಕಾಸರಗೋಡು ಕಡೆಯ ಕುಂಬಳೆಯ ಬಂಟರ ಹುಡುಗ, ಅಲ್ಲಿನ ಹುಡುಗಿ, ಗುಟ್ಟಿನ ಮದುವೆ, ಒಂದು ಗಂಡು ಮಗು. ಎಷ್ಟೋ ವರ್ಷದ ಮೇಲೆ ಮೊಮ್ಮಗಳು ಇಗರ್ಜಿಯ ದಾಖಲೆ ನೋಡಿ ಅಜ್ಜನನ್ನು ಪತ್ತೆ ಮಾಡಿ ಕುಂಬಳೆಗೆ ಬರುತ್ತಾಳೆ. ತರವಾಡಿನಲ್ಲಿ, ಅಂದರೆ ಅಜ್ಜನ ಕೂಡುಕುಟುಂಬದಲ್ಲಿ, ಆಸ್ತಿ ಜಗಳ. ಎಲ್ಲೆಲ್ಲಿ ಸಡಿಲ ಉಂಟು, ಹೇಳಿ.

ನೀರ್ಚಾಲು: ಕ್ರೀಟ್ ಬಿಡಿ ಮೇಡಂ. ಜರ್ಮನ್ ಪ್ಯಾರಾಶೂಟ್ ಪಡೆ ಇಳಿದದ್ದು 1941ರ ಮೇ 20ಕ್ಕೆ, ಜೂನ್ 1ಕ್ಕೆ ಎಲ್ಲ ಮುಗಿಯಿತು. ಅಷ್ಟರಲ್ಲಿ ಪ್ರೀತಿಯೂ ಆಗಬೇಕು, ಮದುವೆಯೂ ಆಗಬೇಕು ಎಂದರೆ ಓದುಗರು ಬಿಡುವುದಿಲ್ಲ. ಅಲ್ಲಿ ಕಾದಾಡಿದವರು ಬ್ರಿಟಿಷರು, ಆಸ್ಟ್ರೇಲಿಯ, ನ್ಯೂಜಿಲೆಂಡಿನವರು ಮತ್ತು ಗ್ರೀಕರು.

ನಮ್ಮವರು ಗ್ರೀಸಿಗೆ ಹೋದದ್ದು 1944ರ ಕೊನೆಗೆ, 4ನೇ ಇಂಡಿಯನ್ ಡಿವಿಷನ್ ಜೊತೆ. ಅದರಲ್ಲಿ ಮದ್ರಾಸ್ ಸ್ಯಾಪರ್ಸ್‌ (ಸೈನ್ಯದ ಇಂಜಿನಿಯರ್ ದಳ)ನ 12ನೇ ಫೀಲ್ಡ್ ಕಂಪನಿ ಇತ್ತು. ಕುಂಬಳೆ ಆಗ ಮದ್ರಾಸ್ ಪ್ರಾಂತ್ಯ, ಹಾಗಾಗಿ ಹುಡುಗನನ್ನು ಅಲ್ಲಿಗೆ ಸೇರಿಸಿ. ಡಿವಿಷನ್ನಿನ 11ನೇ ಬ್ರಿಗೇಡಿಗೆ ವಹಿಸಿದ್ದು ಪಶ್ಚಿಮ ಗ್ರೀಸ್ ಮತ್ತು ಅಯೋನಿಯನ್ ದ್ವೀಪಗಳು. ಅವುಗಳಲ್ಲಿ ಜಾಕಿಂಥೋಸ್ ದ್ವೀಪ ತೆಗೆದುಕೊಳ್ಳಿ, ವರ್ಷ 1945. ಜರ್ಮನರು ಹೋಗಿ ತಿಂಗಳುಗಳಾಗಿವೆ, ಸ್ಯಾಪರಿಗೆ ನೆಲಬಾಂಬು ತೆಗೆಯುವ, ಸೇತುವೆ ಕಟ್ಟುವ ಕೆಲಸ. ಊರಿನವರ ಜೊತೆ ಮಾತು ಬೆಳೆಯಲಿಕ್ಕೆ ಪುರಸೊತ್ತೂ ಸಿಗುತ್ತದೆ.

ಮಧೂರು: ಮದುವೆಯೂ ನಿಲ್ಲುವುದಿಲ್ಲ. ಗ್ರೀಸಿನಲ್ಲಿ ರಿಜಿಸ್ಟರ್ ಮದುವೆ ಬಂದದ್ದೇ 1982ರಲ್ಲಿ. ಅದಕ್ಕೆ ಮೊದಲು ಇಗರ್ಜಿಯ ಮದುವೆ ಮಾತ್ರ, ದೀಕ್ಷಾಸ್ನಾನ ಆಗದವನಿಗೆ ಪಾದ್ರಿ ಮದುವೆ ಮಾಡಿಸುವುದಿಲ್ಲ. ಇದನ್ನು ತೊಡಕೆಂದು ಬದಿಗಿಡಬೇಡಿ, ಗುಟ್ಟಿಗೆ ಇದಕ್ಕಿಂತ ಗಟ್ಟಿ ಕಾರಣ ಬೇರೆ ಇಲ್ಲ. ಹುಡುಗಿಯನ್ನು ಮನೆಯವರು ಅವಸರದಲ್ಲಿ ಊರಿನ ಒಬ್ಬನಿಗೆ ಕೊಟ್ಟುಬಿಡಲಿ.

ದಾಖಲೆಯೂ ಸಿಗಬಾರದು. 1953ರ ಆಗಸ್ಟ್ 9, 11, 12ರಂದು ಸಾಲಾಗಿ ಭೂಕಂಪ, ಮೇಲೆ ಬೆಂಕಿ. ಜಾಕಿಂಥೋಸ್ ಪೇಟೆಯಲ್ಲಿ ಉಳಿದದ್ದು ಸಂತ ದಿಯೊನಿಸಿಯೊಸರ ಇಗರ್ಜಿ, ಒಂದು ಬ್ಯಾಂಕು, ಒಂದು ಶಾಲೆ. ದಾಖಲೆ ಸಂಗ್ರಹ ಸುಟ್ಟುಹೋಯಿತು. ಮೊಮ್ಮಗಳು ಹೆಸರು ಹಿಡಿದು ಹೋಗಲಿ: ಅಲ್ಲಿನ ರೂಢಿಯಂತೆ ಮೊದಲ ಮಗನಿಗೆ ಗಂಡನ ತಂದೆಯ ಹೆಸರು. ಈ ಮನೆಯಲ್ಲಿ ದೊಡ್ಡವನಿಗೆ ಆ ಹೆಸರಿಲ್ಲ, ಎರಡನೆಯವನಿಗೆ ಉಂಟು. ದೊಡ್ಡವನು ಆ ಗಂಡನ ಮಗನಲ್ಲವೆಂದು ತಿಳಿಯಲಿಕ್ಕೆ ಊರಿನ ಮುದುಕಿಯರಿಗೆ ಅಷ್ಟು ಸಾಕು.

ಪೈವಳಿಕೆ: ಆಸ್ತಿ ಜಗಳದ ಬಗ್ಗೆ. ಬಂಟರ ಅಳಿಯಸಂತಾನದಲ್ಲಿ (ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಕಟ್ಟು) ಗಂಡಸಿನ ಮಕ್ಕಳು ಅವನ ತರವಾಡಿಗೆ ಸೇರಿದವರೇ ಅಲ್ಲ, ಊರಿನಲ್ಲೇ ಮದುವೆಯಾಗಿದ್ದರೂ ಅಷ್ಟೇ. ಜಗಳ ಬೇಕೇ ಬೇಕೆಂದರೆ ಹುಡುಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಸಾಯಲಿ, ತನ್ನ ಪಾಲನ್ನು ದ್ವೀಪದ ಮಗನಿಗೆ ಉಯಿಲು ಬರೆದಿಟ್ಟು. ಉಯಿಲು ಸಿಗುವುದು ಅಕ್ಕನ ಮಕ್ಕಳ ಕೈಗೆ. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಕಾಗದಗಳ ವಿಷಯ: ಸೈನ್ಯದ ಕಾಗದವನ್ನು ಸೆನ್ಸಾರ್ ಓದುತ್ತಿತ್ತು, ಇರುವ ಜಾಗದ ಹೆಸರು ಬರೆಯುವಂತಿಲ್ಲ. ಹಾಗಾಗಿ ಮನೆಯವರಿಗೆ ದ್ವೀಪ ಯಾವುದೆಂದೇ ಗೊತ್ತಿಲ್ಲ. ದ್ವೀಪದ ಹುಡುಗಿ ಬರೆದ ಲಕೋಟೆಯ ಮೇಲೆ ಕಾಸರಗೋಡು ತಾಲೂಕು, ಸೌತ್ ಕೆನರಾ, ಮದ್ರಾಸ್ ಎಂದಿರಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರಿಗೆ ಮೊದಲಿನ ಕಾಗದದಲ್ಲಿ ಕೇರಳ ಎಂದು ಬರೆದರೆ ನಮ್ಮೂರಿನವರೇ ಪುಸ್ತಕ ಮುಚ್ಚಿಡುತ್ತಾರೆ.

ಸೀತಾಂಗೋಳಿ: ಜಾಕಿಂಥೋಸೇ ಆಗಲಿ. ಆ ಅವಸರದ ಮದುವೆಗೆ ವರದಕ್ಷಿಣೆ ಎಷ್ಟು ದ್ರಾಖ್ಮಾ ಬರೆಯಲಿ?

ನೀರ್ಚಾಲು: ದ್ರಾಖ್ಮಾದಲ್ಲಿ ಬೇಡ. 1944ರ ನವೆಂಬರಿನಲ್ಲಿ ಹಳೆಯ 5,000 ಕೋಟಿ ದ್ರಾಖ್ಮಾಕ್ಕೆ ಹೊಸದು ಒಂದು ಕೊಟ್ಟರು, ಆ ಮೇಲೂ ಜನ ನೋಟು ನಂಬಲಿಲ್ಲ. ಚಿನ್ನದ ಬ್ರಿಟಿಷ್ ಪವನು, ಆಲಿವ್ ಎಣ್ಣೆ, ದ್ರಾಕ್ಷಿ ತೋಟದ ತುಂಡು ಎಂದು ಬರೆಯಿರಿ. ಜಾಕಿಂಥೋಸಿನ ಬೆಳೆ ಸಣ್ಣ ಕಪ್ಪು ಒಣದ್ರಾಕ್ಷಿ. ಆಗಸ್ಟಿನಲ್ಲಿ ಕೊಯ್ದು, ನಮ್ಮ ಅಂಗಳದ ಅಡಿಕೆಯ ಹಾಗೆ, ಬಯಲಲ್ಲಿ ಹರವಿ ಒಣಗಿಸುವುದು. ನಡುವೆ ಒಂದು ಮಳೆ ಬಿದ್ದರೆ ಬೂಸಲು ಹಿಡಿದು ವರ್ಷದ ದುಡ್ಡು ಹೋಯಿತು. ವರದಕ್ಷಿಣೆ ಮಾತು ಮುರಿಯಬೇಕಾದರೆ ಆ ಮಳೆ ತರಿಸಿ.