ತಾಯಿಯ ಮನಸ್ಸಿನ ಮಾತ್ರೆ, ಮಗುವಿನ ಎದೆಬಡಿತ: ಮಕ್ಕಳ ಡಾಕ್ಟ್ರನ್ನು ಕೇಳಿ (ಉಡುಪಿ)

ಕಾಪುವಿನ ಬಾಣಂತಿ: ನಮಸ್ತೆ ಡಾಕ್ಟ್ರೇ. ಬಸುರಿಯಾಗಿದ್ದಾಗ ಖಿನ್ನತೆಗೆ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಈಗಲೂ ಉಂಟು. ಮಗುವಿಗೆ ಮೂರು ದಿನ. ಇಸಿಜಿಯಲ್ಲಿ ಕ್ಯೂಟಿಸಿ 472 ಮಿಲಿಸೆಕೆಂಡ್ ಬಂದಿದೆ, ವಾರ ಬಿಟ್ಟು ಬನ್ನಿ ಅಂದರು. ನನ್ನಿಂದಲೇ ಆಯ್ತಾ? ಮನೆಯಲ್ಲಿ ಹಾರ್ಟಿನ ತೊಂದರೆ ಯಾರಿಗೂ ಇಲ್ಲ. ತಮ್ಮ 16ರಲ್ಲಿ ಹೊಳೆಯಲ್ಲಿ ಹೋದ, ಅದು ಬೇರೆ.

ಮಣಿಪಾಲದ ಸದಸ್ಯೆ: ಸರ್ಟ್ರಾಲಿನ್ ತೆಗೆದುಕೊಂಡು ಎದೆಹಾಲು ಕೊಡಬಹುದಾ?

ಡಾಕ್ಟ್ರು: ಕೊಡಿ. ಹಾಲಿಗೆ ಹೋಗುವುದು ತೀರಾ ಕಡಿಮೆ.

ಬ್ರಹ್ಮಾವರದ ಅಕ್ಕ: ಫಾರ್ವರ್ಡ್ ಬಂದದ್ದು: ಏಳು ದಿನ ತಿಮರೆ (ಒಂದೆಲಗ) ರಸ ಕುಡಿದರೆ ಮಾತ್ರೆ ಬೇಡ. ಮಗುವಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ.

ಡಾಕ್ಟ್ರು: ತಿಮರೆ ಚಟ್ನಿ ಊಟಕ್ಕಿರಲಿ. ಮಾತ್ರೆ ಥಟ್ಟನೆ ಬಿಟ್ಟು ಮತ್ತೆ ಕುಸಿದ ಬಾಣಂತಿಯರನ್ನು ನೋಡಿದ್ದೇನೆ. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಕಾಪುವಿನವರೇ, ತಮ್ಮನಿಗೆ ಈಜು ಬರುತ್ತಿತ್ತಾ?

ಕಾಪುವಿನ ಬಾಣಂತಿ: ಚೆನ್ನಾಗಿ. ಹೊಳೆ ಬದಿಯಲ್ಲೇ ಬೆಳೆದವ. ನೀರು ಎದೆಮಟ್ಟವೇ ಇತ್ತು. ಈಜುತ್ತಿದ್ದವ ಹಾಗೇ ಮುಳುಗಿದ.

ಡಾಕ್ಟ್ರು: ಹಾಗಾದರೆ ವಾರ ಕಾಯಬೇಡಿ. ಒಂದು ಬಡಿತ ಶುರುವಾದಲ್ಲಿಂದ ಹೃದಯ ಮುಂದಿನದಕ್ಕೆ ಮತ್ತೆ ಸಿದ್ಧವಾಗುವವರೆಗಿನ ಹೊತ್ತೇ ಕ್ಯೂಟಿ, ಅದನ್ನು ಬಡಿತದ ವೇಗಕ್ಕೆ ಹೊಂದಿಸಿದ ಲೆಕ್ಕ ಕ್ಯೂಟಿಸಿ. ಎಳೆಮಗುವಿಗೆ ಕ್ಯೂಟಿಸಿ 460 ದಾಟಿದರೆ ಮತ್ತೊಮ್ಮೆ ನೋಡುತ್ತೇವೆ. ನಿಮ್ಮ ಮಾತ್ರೆಯಿಂದ ಆಗಿದ್ದರೆ ಔಷಧಿ ಮೈಯಿಂದ ಇಳಿದ ಹಾಗೆ ಅದೂ ಇಳಿಯುತ್ತದೆ, ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಕ್ಯೂಟಿ ಉದ್ದವಿರುವ ಕಾಯಿಲೆ ಮನೆತನದಲ್ಲೂ ಬರುತ್ತದೆ. ಅದರ ಒಂದು ಬಗೆಯಲ್ಲಿ ಈಜುವಾಗಲೇ ಹೃದಯದ ತಾಳ ತಪ್ಪುತ್ತದೆ. ನಾಳೆಯೇ ಮಗುವಿಗೆ ಇನ್ನೊಂದು ಇಸಿಜಿ, ನಿಮಗೂ ಒಂದು. ಎಸ್ಸಿಟಲೋಪ್ರಾಮ್ ನಿಮ್ಮ ಕ್ಯೂಟಿಯನ್ನೂ ಉದ್ದ ಮಾಡಬಲ್ಲದು. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟ್ರಿಗೆ ಇವತ್ತೇ ಫೋನ್ ಮಾಡಿ, ತಮ್ಮನ ವಿಷಯ ಹೇಳಿ. ಹಾಲು ಜಾಸ್ತಿಯಾಗಲು ಡೊಂಪೆರಿಡೋನ್ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಅದೂ ಕ್ಯೂಟಿಯನ್ನು ಉದ್ದ ಮಾಡಬಲ್ಲದು. ಮಗು ಬಿಳಿಚಿದರೆ, ಮೊಲೆ ಹಿಡಿಯದೆ ಜೋತುಬಿದ್ದರೆ ರಾತ್ರಿಯಾದರೂ ಹೊರಡಿ.

ಕುಂದಾಪುರದ ಅಣ್ಣ: ನಮ್ಮ ಕಾಲದಲ್ಲಿ ಬಾಣಂತಿಯರಿಗೆ ಈ ಮಾತ್ರೆಯೆಲ್ಲ ಎಲ್ಲಿತ್ತು ಮಾರಾಯ್ರೆ?

ಮಣಿಪಾಲದ ಸದಸ್ಯೆ: ನನ್ನ ದೊಡ್ಡಮ್ಮ ಬಾಣಂತನದಲ್ಲೇ ಬಾವಿಗೆ ಹಾರಿದ್ದು. ಅದು ನಿಮ್ಮ ಕಾಲವೇ.

ಬ್ರಹ್ಮಾವರದ ಅಕ್ಕ: ಒಳ್ಳೆಯದಕ್ಕೆ ಹಾಕಿದ್ದು. ಬಜೆಯಲ್ಲಿ ಮೂರು ಮಕ್ಕಳನ್ನು ಸಾಕಿದ್ದೇನೆ.

ಮಣಿಪಾಲದ ಸದಸ್ಯೆ: ಇಲ್ಲಿ ಒಂದು ಮಗುವಿನ ಹೃದಯದ ಮಾತು ನಡೀತಿದೆ. ಸುಮ್ನಿರಿ ಅಕ್ಕ.

ಸುರತ್ಕಲ್‌ನ ಸದಸ್ಯ: ಹೆಂಡತಿಗೆ ಐದು ತಿಂಗಳು, ಫ್ಲುಯೊಕ್ಸೆಟಿನ್ ಬದಲಿಸಬೇಕಾ?

ಇನ್ನೊಬ್ಬರು: ಎದೆಹಾಲು ಕೊಡಬಹುದಾ ಡಾಕ್ಟ್ರೇ?

ಡಾಕ್ಟ್ರು: ಸರ್ಟ್ರಾಲಿನ್ ಮತ್ತು ಎದೆಹಾಲಿನ ಮಾತು ಮೇಲೆ ಉಂಟು, ಓದಿ.

ಕಾಪುವಿನ ಬಾಣಂತಿ: ಅಮ್ಮನಿಗೂ ಹುಡುಗಿಯಾಗಿದ್ದಾಗ ಎರಡು ಸಲ ತಲೆ ತಿರುಗಿ ಬಿದ್ದದ್ದುಂಟಂತೆ. ಇವತ್ತೇ ಹೇಳಿದರು.

ಡಾಕ್ಟ್ರು: ಅವರನ್ನೂ ಕರೆದುಕೊಂಡು ಹೋಗಿ. ಮೂವರ ಇಸಿಜಿ ಫೋಟೊವನ್ನೂ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.