ಅಮ್ಮನನ್ನು ರೈಲಿನಲ್ಲಿ ಕುಕ್ಕೆ, ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಬೇಕು: ಹೋಗಿ ಬಂದವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನವರು. ಅಮ್ಮನಿಗೆ 74 ವರ್ಷ, ಮಂಡಿ ನೋವಿದೆ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸುತ್ತೇನೆ ಅಂತ ಹರಕೆ ಹೊತ್ತು ನಾಲ್ಕು ವರ್ಷ ಆಯಿತು. ಹೋದ ಸಲ ಕಾರಿನಲ್ಲಿ ಹೊರಟೆವು. ಶಿರಾಡಿ ಘಾಟಿಯ ತಿರುವುಗಳಲ್ಲಿ ಅಮ್ಮ ವಾಂತಿ ಮಾಡಿಕೊಂಡು ಸುಸ್ತಾಗಿಬಿಟ್ಟರು. ಅದಕ್ಕೇ ಈ ಸಲ ರೈಲು ಅಂದುಕೊಂಡಿದ್ದೇನೆ. ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ನಿಂದ ದೇವಸ್ಥಾನ ಎಷ್ಟು ದೂರ? ರಾತ್ರಿ ಗಾಡಿ ಒಳ್ಳೆಯದಾ, ಹಗಲಿನದಾ? ಅಲ್ಲಿಂದ ಧರ್ಮಸ್ಥಳಕ್ಕೆ ಹೇಗೆ? ಶ್ರವಣಬೆಳಗೊಳವೂ ಅದೇ ದಾರಿಯಲ್ಲಿ ಇದೆಯಂತೆ, ಇಳಿದು ಹೋಗಬಹುದಾ? ಮಳೆಗಾಲದಲ್ಲಿ ಹೋಗಲಾ, ಮಳೆ ನಿಂತ ಮೇಲಾ? ವಯಸ್ಸಾದವರ ಜೊತೆ ಹೋದವರು ದಯವಿಟ್ಟು ಹೇಳಿ.

ಹಾಸನದಿಂದ

ನಮ್ಮ ಅತ್ತೆಗೆ 78. ಅವರನ್ನು ಇದೇ ದಾರಿಯಲ್ಲಿ ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಒಂದು ಸಲ ರಾತ್ರಿ ಗಾಡಿ, ಇನ್ನೊಂದು ಸಲ ಹಗಲಿನದು. ನನ್ನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ಹಗಲಿನ ಗಾಡಿಯನ್ನೇ ಹಿಡಿಯಿರಿ.

ರಾತ್ರಿ ಗಾಡಿಯಲ್ಲಿ ಏನಾಗುತ್ತದೆ ಅಂದರೆ, ಮಲಗಿಕೊಂಡು ಹೋಗಬಹುದು ಅಂತ ನಾವು ಲೆಕ್ಕ ಹಾಕಿರುತ್ತೇವೆ. ಆದರೆ ಸಂಜೆ ಬೆಂಗಳೂರು ಬಿಡುವ ಕಾರವಾರದ ಗಾಡಿ ಸುಬ್ರಹ್ಮಣ್ಯ ರೋಡ್‌ಗೆ ಬರುವುದು ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿನಲ್ಲಿ ಮಂಡಿ ನೋವಿನವರನ್ನು ಎಬ್ಬಿಸಿ, ಬ್ಯಾಗು ಇಳಿಸಿ, ಕತ್ತಲಲ್ಲಿ ಗಾಡಿ ಹುಡುಕಬೇಕು. ನಾವು ಹಾಗೆ ಇಳಿದಾಗ ಜೋರು ಮಳೆ. ಸಿಕ್ಕಿದ ಒಂದೇ ಜೀಪಿನವರು ಬಾಯಿಗೆ ಬಂದಷ್ಟು ಕೇಳಿದರು. ಅತ್ತೆ ನಡುಗುತ್ತಿದ್ದರು, ಕೊಟ್ಟು ಹತ್ತಿದೆವು. ಕಣ್ಣೂರು ಕಡೆಗೆ ಹೋಗುವ ಗಾಡಿ ತಡವಾಗಿ ಹೊರಟು ಬೆಳಗಿನ ಜಾವಕ್ಕೆ ಬರುತ್ತದೆ. ರಾತ್ರಿಯೇ ಹೋಗಬೇಕು ಅಂತಿದ್ದರೆ ಅದು ವಾಸಿ.

ಹಗಲಿನ ಗಾಡಿ ಬೆಳಗ್ಗೆ ಯಶವಂತಪುರ ಬಿಟ್ಟು ಕುಣಿಗಲ್, ಯಡಿಯೂರು, ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಹಾಸನದ ಮೇಲೆ ಬರುತ್ತದೆ. ಈ ನೇರ ದಾರಿ ತೆರೆದದ್ದು 2017ರಲ್ಲಿ. ಅದಕ್ಕೆ ಮೊದಲು ನಮ್ಮೂರಿಂದ ಬೆಂಗಳೂರಿಗೆ ಅರಸೀಕೆರೆ ಸುತ್ತಿಕೊಂಡು ಹೋಗಬೇಕಿತ್ತು. ಕೆಲವು ದಿನ ಮಂಗಳೂರು ಜಂಕ್ಷನ್‌ಗೆ ಹೋಗುವ ಗಾಡಿ, ಕೆಲವು ದಿನ ಕಾರವಾರದ್ದು. ಯಾವ ದಿನ ಯಾವುದು, ಎಷ್ಟು ಹೊತ್ತಿಗೆ ಅಂತ ಟಿಕೆಟ್ ಮಾಡುವಾಗ ನೋಡಿಕೊಳ್ಳಿ, ಆಗಾಗ ಬದಲಾಗುತ್ತದೆ. ಟಿಕೆಟ್ ಈಗ 60 ದಿನ ಮೊದಲು ಮಾತ್ರ ಸಿಗುತ್ತದೆ. ರಾತ್ರಿ ಗಾಡಿಯಾದರೆ 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ಅಮ್ಮನ ವಯಸ್ಸನ್ನು ಸರಿಯಾಗಿ ತುಂಬಿ.

ಊಟ ಮನೆಯಿಂದಲೇ ತನ್ನಿ. ಚಪಾತಿ, ಪಲ್ಯ, ಮೊಸರನ್ನ ಸಾಕು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ ಕಾಡು ಬಿಟ್ಟರೆ ಬೇರೆ ಏನೂ ಇಲ್ಲ.

ಕಡಬ ಕಡೆಯಿಂದ

ನಮ್ಮ ಮನೆಯಿಂದ ಸ್ಟೇಷನ್ ಹತ್ತಿರ. ಇಲ್ಲಿಯವರು ಅದನ್ನು ನೆಟ್ಟಣ ಸ್ಟೇಷನ್ ಅಂತಲೇ ಹೇಳುವುದು. ದಾರಿ ಕೇಳುವಾಗ "ನೆಟ್ಟಣ" ಅಂದರೆ ಬೇಗ ಗೊತ್ತಾಗುತ್ತದೆ. ಅಲ್ಲಿಂದ ಕುಕ್ಕೆಗೆ ಹತ್ತಿರ ಹತ್ತಿರ 12 ಕಿಲೋಮೀಟರ್. ಹೊರಗಿನಿಂದ ಬರುವವರು ಎಡವುವುದು ಇಲ್ಲಿಯೇ. ಸ್ಟೇಷನ್ ಹೆಸರು ನೋಡಿ, ಇಳಿದರೆ ಎದುರಿಗೇ ದೇವಸ್ಥಾನ ಅಂದುಕೊಂಡು ಬರುತ್ತಾರೆ. ಹಗಲು ಗಾಡಿ ಬಂದಾಗ ಜೀಪು, ಆಟೋ, ವ್ಯಾನು ಇರುತ್ತವೆ. ಆದರೆ ಗಾಡಿಯಿಂದ ಒಟ್ಟಿಗೆ ಇಳಿದ ಜನ ಎಲ್ಲ ಅವಕ್ಕೇ ಮುಗಿಬೀಳುತ್ತಾರೆ. ಅಮ್ಮನನ್ನು ಕರೆದುಕೊಂಡು ನೀವು ನಿಧಾನವಾಗಿ ಹೊರಗೆ ಬರುವಷ್ಟರಲ್ಲಿ ತುಂಬಿಹೋಗಿರುತ್ತದೆ. ನೀವು ಉಳಿಯುವ ಲಾಡ್ಜಿನವರಿಗೆ ಹಿಂದಿನ ದಿನವೇ ಫೋನ್ ಮಾಡಿ ಒಂದು ಗಾಡಿ ಹೇಳಿಡಿ. ಬಾಡಿಗೆಯನ್ನೂ ಆಗಲೇ ಮಾತಾಡಿಕೊಳ್ಳಿ. ಅಷ್ಟು ಮಾಡಿದರೆ ಅರ್ಧ ತಲೆನೋವು ಹೋಯಿತು.

ಇನ್ನೊಂದು ಮಾತು. ಗಾಡಿ ನೆಟ್ಟಣಕ್ಕೆ ಬರುವಾಗ ಮಧ್ಯಾಹ್ನ ಆಗಿರುತ್ತದೆ, ಆಗ ಕುಕ್ಕೆಯಲ್ಲಿ ದರ್ಶನ ನಿಂತಿರುತ್ತದೆ. ಅವಸರ ಮಾಡಿ ಓಡಿದರೂ ಉಪಯೋಗ ಇಲ್ಲ. ರೂಮಿಗೆ ಹೋಗಿ ಅಮ್ಮನಿಗೆ ಸ್ವಲ್ಪ ಕಾಲು ಚಾಚಲು ಬಿಡಿ. ಸಂಜೆ ದರ್ಶನ, ಮರುದಿನ ಬೆಳಗ್ಗೆ ಸೇವೆ. ಆಶ್ಲೇಷಾ ಬಲಿ ಮಾಡಿಸುವುದಾದರೆ ರೈಲು ಟಿಕೆಟ್‌ಗಿಂತ ಮೊದಲು ಸೇವೆಯ ದಿನ ಗಟ್ಟಿ ಮಾಡಿಕೊಳ್ಳಿ. ಆಶ್ಲೇಷಾ ನಕ್ಷತ್ರದ ದಿನ ಕಾಲಿಡಲು ಜಾಗ ಇರುವುದಿಲ್ಲ. ಸರ್ಪಸಂಸ್ಕಾರವಾದರೆ ಎರಡು ದಿನದ ಕೆಲಸ, ನಿಮ್ಮದು ಅದಲ್ಲ ಅಂತ ಕಾಣುತ್ತದೆ. ಚಂಪಾ ಷಷ್ಠಿಯ ಸಮಯ ಬೇಡವೇ ಬೇಡ. ತೇರು ನೋಡಲು ಇಡೀ ಜಿಲ್ಲೆ ಬರುತ್ತದೆ ಮಾರಾಯ್ರೆ, ವಯಸ್ಸಾದವರಿಗೆ ಕಷ್ಟ.

ಕುಮಾರಧಾರೆಯಲ್ಲಿ ಅಮ್ಮನಿಗೆ ಸ್ನಾನ ಮಾಡಬೇಕು ಅನಿಸಿದರೆ ಮೆಟ್ಟಿಲಲ್ಲಿ ಪಾಚಿ ಇರುತ್ತದೆ, ಕೈ ಬಿಡಬೇಡಿ. ಒಂದು ಚೊಂಬು ನೀರು ತಲೆಗೆ ಹಾಕಿದರೂ ಸಾಕು. ಜೋರು ಮಳೆಯಲ್ಲಿ ಸ್ನಾನಘಟ್ಟವೇ ಮುಳುಗುತ್ತದೆ, ಆಗ ಆ ಕಡೆ ಹೋಗುವುದೇ ಬೇಡ.

ಸಕಲೇಶಪುರದಿಂದ, ರೈಲ್ವೆಯಲ್ಲಿ ನಿವೃತ್ತ

ನಾನು ಈ ಘಾಟಿಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿದವನು. ಮಳೆಗಾಲದ ಬಗ್ಗೆ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಜಾರು. ರಸ್ತೆಯವರಿಗೆ ಇದು ಏನೂ ಅಲ್ಲ ಅನಿಸಬಹುದು, ರೈಲಿಗೆ ಬಹಳ ಕಡಿದು. ಅದಕ್ಕೇ ಗಾಡಿ ಗಂಟೆಗೆ 30 ಕಿಲೋಮೀಟರ್ ಮೀರುವುದಿಲ್ಲ, ಇಷ್ಟು ದೂರಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಮೇಲೆ ಹತ್ತುವಾಗ ಒಂದು ಇಂಜಿನ್‌ಗೆ ಆಗುವುದಿಲ್ಲ. ನೆಟ್ಟಣದಲ್ಲಿ ಬ್ಯಾಂಕರ್ ಅಂತ ಬೇರೆ ಇಂಜಿನ್ ಸೇರಿಸಿ ತಳ್ಳಿಸುತ್ತಾರೆ. ಇಳಿಯುವಾಗ ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂದರೆ ಅಮ್ಮನಿಗೆ ಗಾಬರಿ ಆಗದಂತೆ ಮೊದಲೇ ಹೇಳಿಡಿ. ಇಳಿಜಾರಿನಲ್ಲಿ ಅದು ಸಹಜ.

ಈ ದಾರಿ ಮೊದಲು ಮೀಟರ್ ಗೇಜ್. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಪೂರ್ತಿ ಆಯಿತು. 1996ರಲ್ಲಿ ದೊಡ್ಡ ಹಳಿ ಹಾಕಲು ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಜನರ ಗಾಡಿ 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಈ ಕಡೆಯ ಜನ ರೈಲಿಲ್ಲದೆ ಕಳೆದರು. ಆ ವರ್ಷಗಳನ್ನು ನೋಡಿದವನಿಗೆ ಈಗ ಗಾಡಿ ಕೂಗಿದರೆ ಇವತ್ತಿಗೂ ಸಂತೋಷ ಆಗುತ್ತದೆ.

ಮಳೆಗಾಲದಲ್ಲಿ ಹಗಲು ರಾತ್ರಿ ಹಳಿಯ ಮೇಲೆ ಗಸ್ತು ಇರುತ್ತದೆ. ರಾತ್ರಿ ಲಾಟೀನು ಹಿಡಿದು ನಡೆಯುವಾಗ ನಾವು ನೋಡುತ್ತಿದ್ದದ್ದು ಹಳಿಗಿಂತ ಜಾಸ್ತಿ ನೀರನ್ನು. ಗುಡ್ಡದಿಂದ ಚರಂಡಿಗೆ ಬೀಳುವ ನೀರು ತಿಳಿಯಾಗಿದ್ದರೆ ಚಿಂತೆ ಇಲ್ಲ. ಇದ್ದಕ್ಕಿದ್ದ ಹಾಗೆ ಕೆಂಪಾದರೆ ಮೇಲೆ ಎಲ್ಲೋ ಮಣ್ಣು ಬಿಟ್ಟಿದೆ ಅಂತ ಅರ್ಥ. ಆಗ ಗಾಡಿ ನಿಲ್ಲಿಸುವುದೇ. ನಿಮ್ಮ ಗಾಡಿಯನ್ನು ಎಡಕುಮೇರಿಯಲ್ಲೋ ಕಡಗರವಳ್ಳಿಯಲ್ಲೋ ಸುಮ್ನೆ ನಿಲ್ಲಿಸಿದ್ದಾರೆ ಅನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಮುಂದೆ ಯಾರೋ ನೆನೆದುಕೊಂಡು ದಾರಿ ನೋಡುತ್ತಿರುತ್ತಾರೆ.

ಇಷ್ಟು ಎಚ್ಚರ ಇದ್ದರೂ ಗುಡ್ಡ ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕುಸಿದು ವಾರಗಟ್ಟಲೆ ಗಾಡಿ ಇರಲಿಲ್ಲ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಹರಕೆಗೆ ದಿನ ಗೊತ್ತು ಮಾಡಿಕೊಂಡು ಹೋಗುವವರು ಜುಲೈ, ಆಗಸ್ಟ್ ಬಿಡುವುದು ಒಳ್ಳೆಯದು. ಕೆಲಸದ ಕಾರಣಕ್ಕೂ ಗಾಡಿ ನಿಲ್ಲಿಸುವುದುಂಟು. 2025ರಲ್ಲಿ ಘಾಟಿಯಲ್ಲಿ ವಿದ್ಯುತ್ ತಂತಿ ಎಳೆಯುವಾಗ ತಿಂಗಳುಗಟ್ಟಲೆ ಹಗಲಿನ ಗಾಡಿಗಳೇ ಇರಲಿಲ್ಲ. ಹೊರಡುವ ಹಿಂದಿನ ದಿನ ಗಾಡಿ ಇದೆಯಾ ಅಂತ ನೋಡಿಕೊಂಡೇ ಹೊರಡಿ.

ನಿಮ್ಮ ಜೊತೆ ಹುಡುಗರು ಬರುವುದಾದರೆ ಒಂದು ಮಾತು: ಬಾಗಿಲಲ್ಲಿ ನಿಲ್ಲಲು ಬಿಡಬೇಡಿ. ಸುರಂಗದ ಗೋಡೆ ಬೋಗಿಗೆ ಎಷ್ಟು ಹತ್ತಿರ ಅಂತ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಹಳಿಯ ಮೇಲೆ ಚಾರಣಕ್ಕೆ ಹೋಗುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಅದು ಅಪರಾಧ, ಜೀವಕ್ಕೂ ಅಪಾಯ. ಸೇತುವೆಯ ನಡುವೆ ಇದ್ದಾಗ ಗಾಡಿ ಬಂದರೆ ಓಡಲು ಜಾಗ ಇಲ್ಲ.

ಮೈಸೂರಿನಿಂದ

ಗಾಜಿನ ಬೋಗಿಯ ಬಗ್ಗೆ ಯಾರೂ ಹೇಳಲಿಲ್ಲ. ವಿಸ್ಟಾಡೋಮ್ ಅಂತ, 2021ರಿಂದ ಹಗಲಿನ ಗಾಡಿಗೆ ಹಾಕುತ್ತಿದ್ದಾರೆ. 44 ಸೀಟು, ದೊಡ್ಡ ಕಿಟಕಿ, ಮೇಲೂ ಗಾಜು, ಕುರ್ಚಿ ತಿರುಗಿಸಬಹುದು. ದರ ಜಾಸ್ತಿ. ಆದರೆ ನನ್ನ ತಂದೆಗೆ ಅದರಲ್ಲಿ ಕಾಲು ಚಾಚಿ ಕೂರಲು ಜಾಗ ಸಿಕ್ಕಿತು, ಮಂಡಿ ಬಿಗಿಯಲಿಲ್ಲ. ವಾಂತಿಯ ಭಯ ಇದ್ದರೆ ಕುರ್ಚಿಯನ್ನು ಗಾಡಿ ಹೋಗುವ ದಿಕ್ಕಿಗೇ ಇಟ್ಟುಕೊಳ್ಳಿ. ಒಂದೇ ಒಂದು ಕೊರತೆ, ಗಾಳಿ ಬರುವುದಿಲ್ಲ. ಸಾಮಾನ್ಯ ಬೋಗಿಯ ಕಿಟಕಿಯಲ್ಲಿ ಕಾಡಿನ ತಂಪು, ಒದ್ದೆ ಮಣ್ಣಿನ ವಾಸನೆ ಬರುತ್ತದಲ್ವಾ, ಅದು ಗಾಜಿನ ಒಳಗೆ ಇಲ್ಲ.

ಚನ್ನರಾಯಪಟ್ಟಣದಿಂದ

ಶ್ರವಣಬೆಳಗೊಳವನ್ನು ಇದೇ ಪ್ರಯಾಣಕ್ಕೆ ಸೇರಿಸಬೇಡಿ ಅಂತ ನನ್ನ ಅಭಿಪ್ರಾಯ. ನಮ್ಮೂರ ಪಕ್ಕದ ಕ್ಷೇತ್ರ, ಎಲ್ಲರೂ ನೋಡಬೇಕು ಅಂತ ನನಗೂ ಆಸೆ. ಆದರೆ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡೆದದ್ದು, ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದ ಮೇಲೆ ಕಾಲು ಸುಡುತ್ತದೆ. ಡೋಲಿ ಸಿಗುತ್ತದೆ. ಆದರೂ ಅದೇ ದಿನ ಮತ್ತೆ ರೈಲು ಹತ್ತುವುದು ಅಮ್ಮನಿಗೆ ಹೆಚ್ಚಾಗುತ್ತದೆ. ಇನ್ನೊಂದು ಸಲ, ಚಳಿಗಾಲದಲ್ಲಿ, ಅದಕ್ಕೆಂದೇ ಬೆಳಗ್ಗೆ ಬೇಗ ಬನ್ನಿ. ಬಾಹುಬಲಿಯ ಮುಖಕ್ಕೆ ಎಳೆಬಿಸಿಲು ಬೀಳುವುದನ್ನು ಅಮ್ಮ ಕೂತು ನೋಡಲಿ.

ಪುತ್ತೂರಿನಿಂದ

ಧರ್ಮಸ್ಥಳದ ಪ್ರಶ್ನೆಗೆ ನಾನು ಹೇಳುತ್ತೇನೆ. ಧರ್ಮಸ್ಥಳಕ್ಕೆ ರೈಲಿಲ್ಲ. ಕುಕ್ಕೆಯಿಂದ ಸುಮಾರು 55 ಕಿಲೋಮೀಟರ್, ಸರ್ಕಾರಿ ಬಸ್ಸು ಬೇಕಾದಷ್ಟಿವೆ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ದಾರಿಯಲ್ಲಿ ತಿರುವು ಇದೆ. ಹೊಟ್ಟೆ ತುಂಬ ತಿಂದು ಹತ್ತಿಸಬೇಡಿ, ಮುಂದಿನ ಸೀಟಿನಲ್ಲಿ ಕೂರಿಸಿ. ಮಂಡಿ ತುಂಬಾ ನೋಯುತ್ತಿದ್ದರೆ ಬಾಡಿಗೆ ಕಾರೇ ಸರಿ.

ಧರ್ಮಸ್ಥಳದಲ್ಲಿ ಸೋಮವಾರ ಮತ್ತು ಕಾರ್ತಿಕದ ಲಕ್ಷದೀಪೋತ್ಸವದ ದಿನಗಳನ್ನು ಬಿಟ್ಟು ಹೋಗಿ. ವಯಸ್ಸಾದವರಿಗೆ ಬೇರೆ ಸಾಲು ಇದೆಯಾ ಅಂತ ಅಲ್ಲಿಯ ಸಿಬ್ಬಂದಿಯನ್ನು ಮೊದಲೇ ಕೇಳಿ. ಅನ್ನಪೂರ್ಣ ಛತ್ರದಲ್ಲಿ ಊಟ ಮಾಡಿಯೇ ಬನ್ನಿ. ಗಂಡಸರು ಎರಡೂ ಕಡೆ ಅಂಗಿ ತೆಗೆಯಬೇಕು, ಒಂದು ಶಲ್ಯ ಇರಲಿ.

ನಿಮಗೆ ಮಂಗಳೂರಿನಲ್ಲಿ ನೆಂಟರಿದ್ದರೆ ಇನ್ನೊಂದು ದಾರಿ ಉಂಟು. ಮಂಗಳೂರು ಸೆಂಟ್ರಲ್‌ನಿಂದ ಕಬಕ ಪುತ್ತೂರಿಗೆ ಬರುತ್ತಿದ್ದ ಪ್ಯಾಸೆಂಜರ್ ಗಾಡಿಯನ್ನು 2025ರಲ್ಲಿ ಸುಬ್ರಹ್ಮಣ್ಯ ರೋಡ್ ತನಕ ಮುಂದುವರಿಸಿದ್ದಾರೆ. ನಾವು ಈ ಊರಿನವರು ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದು. ನರಿಮೊಗರು, ಕಾಣಿಯೂರು, ಎಡಮಂಗಲ ಅಂತ ತೋಟಗಳ ನಡುವೆ ನಿಂತು ನಿಂತು ಹೋಗುತ್ತದೆ. ನಾನು ಅದರಲ್ಲಿ ತಿಂಗಳಿಗೊಮ್ಮೆ ಕುಕ್ಕೆಗೆ ಹೋಗುತ್ತೇನೆ. ಅಡಿಕೆ ಮಾರಿ ಬರುವವರು, ಕಾಲೇಜು ಮಕ್ಕಳು, ಮದುವೆಗೆ ಹೊರಟ ಹೆಂಗಸರು, ಎಲ್ಲರೂ ಪರಿಚಯದವರೇ. ಜನ ಹತ್ತಿದರೆ ತಾನೇ ಗಾಡಿ ಉಳಿಯುವುದು, ಅದಕ್ಕೇ ಬಸ್ಸು ಸಿಕ್ಕಿದರೂ ನಾನು ರೈಲನ್ನೇ ಹತ್ತುತ್ತೇನೆ.

ಪ್ರಶ್ನೆ ಕೇಳಿದವರು, ಹೋಗಿ ಬಂದ ಮೇಲೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮಳೆ ನಿಂತ ಮೇಲೆ ಹೋಗಿ ಬಂದೆವು. ಮೊದಲು ಸೇವೆಯ ದಿನ, ಆಮೇಲೆ ಟಿಕೆಟ್. ಹಗಲಿನ ಗಾಡಿ, ಸಾಮಾನ್ಯ ಬೋಗಿ, ಕಿಟಕಿ ಪಕ್ಕ. ನೆಟ್ಟಣದಲ್ಲಿ ಲಾಡ್ಜಿನವರು ಹೇಳಿದ ಗಾಡಿ ಕಾಯುತ್ತಿತ್ತು. ಸಂಜೆ ದರ್ಶನ, ಬೆಳಗ್ಗೆ ಬಲಿ, ಮರುದಿನ ಧರ್ಮಸ್ಥಳ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು, ಅಮ್ಮನಿಗೆ ಏನೂ ತೊಂದರೆ ಆಗಲಿಲ್ಲ. ಶ್ರವಣಬೆಳಗೊಳ ಬಿಟ್ಟೆವು, ಮಾಘದಲ್ಲಿ ಹೋಗೋಣ ಅಂದಿದ್ದಾರೆ.

ಎಡಕುಮೇರಿಯಲ್ಲಿ ಗಾಡಿ ಅರ್ಧ ಗಂಟೆ ನಿಂತಿತು. ಸಕಲೇಶಪುರದ ಸರ್ ಬರೆದದ್ದನ್ನು ನಾನು ಅಮ್ಮನಿಗೆ ಓದಿ ಹೇಳಿದ್ದೆ. ಕೊಡೆ ಕಂಕುಳಲ್ಲಿ ಇಟ್ಟುಕೊಂಡು, ಉದ್ದ ಸುತ್ತಿಗೆ ಹಿಡಿದ ಇಬ್ಬರು ಹಳಿಯ ಪಕ್ಕದಲ್ಲಿ ನಡೆದು ಬಂದರು. ಅಮ್ಮ ಕಿಟಕಿಯಿಂದ ಕೈ ಚಾಚಿ, ಡಬ್ಬಿಯಲ್ಲಿದ್ದ ಎರಡು ಕೋಡುಬಳೆ ಕೊಟ್ಟರು. "ನಿಮ್ಮ ಮಕ್ಕಳಿಗೂ ತಗೊಳ್ಳಿ" ಅಂತ ಇನ್ನೆರಡು ಕೊಡುವಷ್ಟರಲ್ಲಿ ಗಾಡಿ ಹೊರಟಿತು.